ಬಾವನ ಮನೆಗೆ ಹೋದ ಅರಳಿ

ಶಿವಗಾಮಿ ಬೋನ್ಸಾಯ್ ಮರ ಸಾಕಿದ್ದು ಅಂದಕ್ಕಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೊಯಮತ್ತೂರು ಪಕ್ಕದ ತುಡಿಯಲೂರಿನ ನಮ್ಮ ಸಾಲುಮನೆಗೆ ಬಂದೋರೆಲ್ಲ ಅವಳ ಕಿಟಕೀಲಿದ್ದ ಗೇಣುದ್ದದ ಮರ ನೋಡಿ, "ಎಂಥಾ ತಾಳ್ಮೆಯಮ್ಮಾ ನಿಂಗೆ!" ಅಂತ ಬಾಯಿ ತುಂಬ ಹೊಗಳ್ತಿದ್ರು. ತಾಳ್ಮೆಯಂತೆ ತಾಳ್ಮೆ! ಅವಳು ಸಾಕಿದ್ದು ಹಗೆಯನ್ನ. ನೀರು ಹಾಕಿ, ಕಡ್ಡಿ ಕತ್ತರಿಸಿ, ಬೇರು ತೊಳೆದು, ಮಗಳನ್ನ ಗಂಡನ ಮನೆಗೆ ಕಳಿಸೋಕೆ ತಯಾರು ಮಾಡೋ ಹಾಗೆ ತಯಾರು ಮಾಡಿದ್ಳು.

ನಾನು ಅಮ್ಮಣಿ. ಹಗೆ ಯಾರ ಮೇಲೆ ಅಂದ್ರೆ ನಮ್ಮಣ್ಣನ ಮೇಲೆ. ಪೆರಿಯಸಾಮಿ ನನ್ನ ಒಡಹುಟ್ಟಿದ ಅಣ್ಣ. ಶಿವಗಾಮಿ ಗಂಡ ಚಿನ್ನಸಾಮಿ ನನ್ನ ತಮ್ಮ. "ಅಣ್ಣನ ಮೇಲಿನ ಹಗೆಗೆ ನೀನೂ ಕೈ ಜೋಡಿಸಿದ್ಯಲ್ಲೇ, ನಾಚಿಕೆ ಆಗಲ್ವಾ?" ಅಂತ ನಮ್ಮ ಜನ ಈಗ್ಲೂ ಕೇಳ್ತಾರೆ. ಯಾಕೆ ನಾಚಿಕೆ? ಇನ್ನೊಂದು ಸಲ ಬೇಕಾದ್ರೂ ಜೋಡಿಸ್ತೀನಿ. ಕಥೆ ಕೇಳಿ ಆಮೇಲೆ ಹೇಳಿ.

ನಮ್ಮ ಹುಟ್ಟೂರು ನೆಗಮಂ. ಬೀದಿಗೆ ಬೀದೀನೇ ನೇಕಾರರು. ಹೊರಗೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದ್ರೆ ಕನ್ನಡ. ಕನ್ನಡ ಓದೋಕೆ ಬರೆಯೋಕೆ ನಮಗ್ಯಾರಿಗೂ ಬರಲ್ಲ, ಬೈಯೋಕೆ ಮಾತ್ರ ಚೆನ್ನಾಗಿ ಬರುತ್ತೆ. ನಮ್ಮ ಮನೆ ನಡುಮನೇಲಿ ಗುಂಡಿ ಮಗ್ಗ ಇತ್ತು. ನೆಲ ತೋಡಿ, ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳೀತಾ ನೆಯ್ಯೋದು. ನಮ್ಮವ್ವ ನೆಯ್ದಿದ್ದು ಅದರಲ್ಲೇ. ಅವ್ವ ಹೋದ ಮೇಲೆ ಅದು ಕಿರಿಸೊಸೆ ಶಿವಗಾಮಿಗೆ ಬಂತು. ಅವ್ವ ಸಾಯೋ ಮುಂಚೆ ಎಲ್ರ ಮುಂದೆ ಅವಳ ಕೈ ಹಿಡಿದು ಆ ಗುಂಡಿ ಪಕ್ಕ ಕೂರಿಸಿದ್ಳು. ಹಿರಿಸೊಸೆ ಸುಶೀಲಂಗೆ ಮಗ್ಗ ಕಂಡ್ರೇ ಆಗ್ತಿರ್ಲಿಲ್ಲ, ಅವಳು ತುಟಿ ಪಿಟಿಕ್ ಅನ್ನಲಿಲ್ಲ.

ಗುಂಡಿ ಅಂದ್ರೆ ನಮಗೆ ದೇವರ ಕೋಣೆ. ಚಪ್ಪಲಿ ಕಾಲಲ್ಲಿ ಇಳಿಯಲ್ಲ. ಶುಕ್ರವಾರ ಸಾರಿಸಿ ದೀಪ ಇಡ್ತೀವಿ. ಮಗ್ಗದ ಮೇಲೆ ಸೀರೆ ಅರ್ಧ ಇರೋವಾಗ ಯಾರೂ ಕತ್ತರಿ ಮುಟ್ಟಲ್ಲ, ಅದು ಬಸುರಿ ಹೊಟ್ಟೆಗೆ ಕೈ ಹಾಕಿದ ಹಾಗೆ. ಗುಂಡಿ ಮುಚ್ಚಲೇಬೇಕು ಅಂತಾದ್ರೆ ಸೀರೆ ಮುಗಿಸಿ, ನೆಯ್ದೋಳ ಕೈಯಲ್ಲೇ ಹಾಲೆರೆಸಿ, ದೀಪ ಇಟ್ಟು, ನಮ್ಮ ಕುಲದೇವತೆ ಚೌಡಮ್ಮನ ಅಪ್ಪಣೆ ಕೇಳಿ ಆಮೇಲೆ ಮುಚ್ಚಬೇಕು. ಇದು ಗೊತ್ತಿಲ್ಲದ ಮಗು ನಮ್ಮ ಬೀದೀಲಿ ಹುಟ್ಟಿಲ್ಲ.

ಅಂಥಾ ಗುಂಡೀನ ನಮ್ಮಣ್ಣ, ಶಿವಗಾಮಿ ತವರಿಗೆ ಹೋಗಿದ್ದಾಗ ಮುಚ್ಚಿಬಿಟ್ಟ.

ಅವಳ ತಾಯಿಗೆ ಮೈ ಸರಿಯಿಲ್ಲ ಅಂತ ಹೋಗಿದ್ಳು. ಮಗ್ಗದ ಮೇಲೆ ಅರಗಿನ ಬಣ್ಣದ ಒಡಲು, ಸಾಸಿವೆ ಹಳದಿ ಅಂಚಿನ ಸೀರೆ ಅರ್ಧ ನಿಂತಿತ್ತು. ಅಣ್ಣಂಗೆ ಪವರ್‌ಲೂಮ್ ಹಾಕೋ ಹುಚ್ಚು. ನಡುಮನೆ ಬೇಕಾಗಿತ್ತು. ಆಳು ಕರೆಸಿ, ಮಗ್ಗ ಬಿಚ್ಚಿಸಿ, ಕತ್ತರಿ ಹಾಕಿ, ಗುಂಡಿಗೆ ಇಟ್ಟಿಗೆ ಚೂರು ತುಂಬಿಸಿ, ಮೇಲೆ ಸಿಮೆಂಟು ಬಳಿಸಿದ. ನನ್ನ ತಮ್ಮ ಚಿನ್ನಸಾಮಿ ಅಲ್ಲೇ ಇದ್ದ. ಏನು ಮಾಡ್ತಿದ್ದ ಅಂತೀರಾ? ಮೂಲೇಲಿ ನಿಂತು ಉಗುರು ಕಚ್ಚುತಿದ್ದ. ನನ್ನ ಒಡಹುಟ್ಟಿದೋನೇ ಆದ್ರೂ ಹೇಳ್ತೀನಿ, ದೇವರು ಅವನಿಗೆ ಬೆನ್ನು ಮೂಳೆ ಕೊಡೋದು ಮರೆತುಬಿಟ್ಟಿದ್ದ.

ಶಿವಗಾಮಿ ವಾಪಸ್ಸು ಬಂದಾಗ ನಾನೂ ನೆಗಮಂನಲ್ಲೇ ಇದ್ದೆ. ಜಗಲಿ ಮೇಲೆ ಅವಳ ಅರ್ಧ ಸೀರೆ ಬಿದ್ದಿತ್ತು. ನೂಲು ಬಡಿಯೋ ಹಣಿಗೆ ಅದರಲ್ಲೇ ಸಿಕ್ಕಿಕೊಂಡಿತ್ತು, ಅದರಾಚೆ ಕತ್ತರಿಸಿದ ನೂಲಿನ ತುದಿಗಳು ಜೋಲಾಡ್ತಿದ್ವು. ಅವಳು ಅದನ್ನ ಎತ್ತಿ ಎದೆಗೆ ಒತ್ತಿಕೊಂಡು ಒಳಗೆ ಬಂದ್ಳು. ನೆಲ ನೋಡಿದ್ಳು.

ನಮ್ಮಲ್ಲಿ ತಮ್ಮನ ಹೆಂಡ್ತಿ ಬಾವನ ಮುಖ ನೋಡಿ ಮಾತಾಡೋ ಹಾಗಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಇನ್ನೊಬ್ರಿಗೆ ಹೇಳೋ ಹಾಗೆ ಹೇಳ್ಬೇಕು. ಮದುವೆ ಆಗಿ ಅಷ್ಟು ವರ್ಷದಲ್ಲಿ ಶಿವಗಾಮಿ ಅಣ್ಣನ ಹತ್ರ ನೇರವಾಗಿ ಒಂದು ಮಾತೂ ಆಡಿರ್ಲಿಲ್ಲ. ಅವತ್ತೂ ಸೆರಗು ತಲೆ ಮೇಲೆ ಎಳೆದು, ಬಾಗಿಲ ಹಿಂದೆ ನಿಂತು, ಕಂಬಕ್ಕೆ ಹೇಳಿದ್ಳು.

"ಕಂಬವೇ, ನೀನಾದ್ರೂ ಹೇಳು. ನನ್ನ ಗುಂಡಿ ಮುಚ್ಚೋವಾಗ ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅಣ್ಣ ಎಲೆ ಅಡಿಕೆ ಅಗೀತಾ ಹೆಂಡ್ತಿ ಕಡೆ ತಿರುಗಿದ. "ಸುಶೀಲ, ಹೇಳು ಅವಳಿಗೆ. ಗುಂಡಿ ತಾನೇ? ಮಣ್ಣು ಹಾಕೋಕೆ ಅಪ್ಪಣೆ ಬೇರೆ ಬೇಕಾ?" ಅಂದು ಕಿಸಕ್ ಅಂತ ನಕ್ಕ.

ಆ ನಗು ಇದೆಯಲ್ಲ, ನನ್ನ ಕಿವಿಗೆ ಈಗ್ಲೂ ಕಾದ ಎಣ್ಣೆ ಹೊಯ್ದ ಹಾಗಾಗುತ್ತೆ. ಶಿವಗಾಮಿ ಅಳಲಿಲ್ಲ. ಅರ್ಧ ಸೀರೆ, ಹಣಿಗೆ ಎರಡನ್ನೂ ಬಿಳಿ ಬಟ್ಟೇಲಿ ಸುತ್ತಿ ಟ್ರಂಕಿಗೆ ಹಾಕಿದ್ಳು. ಆ ವಾರಾನೇ ಗಂಡನ್ನ ಎಳ್ಕೊಂಡು ನನ್ನ ಮನೆಗೆ ಬಂದ್ಳು. ನನ್ನ ಗಂಡನ ಮನೆ ತುಡಿಯಲೂರು. ಪಕ್ಕದ ಸಾಲುಮನೆ ಖಾಲಿ ಇತ್ತು, ಕೊಡಿಸಿದೆ. ಚಿನ್ನಸಾಮಿಗೆ ಪಂಪ್‌ಸೆಟ್ಟು ಮಾಡೋ ಕಾರ್ಖಾನೇಲಿ ಕೆಲಸ ಸಿಕ್ತು. ಮೊದಲನೇ ಸಂಜೆ ಅವಳು ನನ್ನ ಅಡಿಗೆಮನೇಲಿ ಕೂತು ಈರುಳ್ಳಿ ಸುಲೀತಾ, ಮೆತ್ತಗೆ ಅಂದ್ಳು: "ಅತ್ತಿಗೆ, ಆ ಗುಂಡೀನ ಅವರ ಮನೇಲಿ ಅವರ ಖರ್ಚಲ್ಲಿ ತೋಡಿಸ್ತೀನಿ. ಸೀರೆ ಮುಗಿಸ್ತೀನಿ. ಅದಾಗೋವರೆಗೆ ಬೇರೆ ಮಗ್ಗಕ್ಕೆ ಕಾಲಿಡಲ್ಲ."

"ಹೇಗೇ ತೋಡಿಸ್ತೀಯ? ಅವನು ಯಾರ ಮಾತು ಕೇಳಿದಾನೆ?" ಅಂದೆ.

"ಗೊತ್ತಿಲ್ಲ," ಅಂದ್ಳು.

ಗೊತ್ತಾಗಿದ್ದು ಮಾರನೇ ವರ್ಷ, ಎಂಬತ್ತೆರಡರಲ್ಲಿ. ನಾವಿಬ್ರೂ ಪಾತ್ರೆ ಕೊಳ್ಳೋಕೆ ಕೊಯಮತ್ತೂರಿನ ಗಾಂಧಿಪುರಂಗೆ ಹೋಗಿದ್ವಿ. ಬಸ್ ಸ್ಟ್ಯಾಂಡ್ ಹತ್ರ ಒಂದು ಕಲ್ಯಾಣ ಮಂಟಪದಲ್ಲಿ ಗಿಡಗಳ ಪ್ರದರ್ಶನ ಅಂತ ಬಟ್ಟೆ ಕಟ್ಟಿದ್ರು. ಬಿಸಿಲು ಸುಡ್ತಿತ್ತು, ನೆರಳಿಗೆ ಅಂತ ಒಳಗೆ ಹೋದ್ವಿ. ಗುಲಾಬಿ, ಕ್ರೋಟನ್ನು, ಕಳ್ಳಿ ಎಲ್ಲಾ ದಾಟಿ ಕೊನೇ ಮೇಜಿಗೆ ಬಂದ್ರೆ, ತಟ್ಟೆಯಷ್ಟು ಕುಂಡದಲ್ಲಿ ಒಂದು ಆಲದ ಮರ! ಬಿಳಲು ಸಮೇತ! ನಾನು, "ಅಯ್ಯೋ ಶಿವನೇ, ಮರಕ್ಕೆ ಯಾರು ಶಾಪ ಹಾಕಿದ್ರು?" ಅಂದುಬಿಟ್ಟೆ.

ಮೇಜಿನ ಹಿಂದೆ ಒಬ್ರು ಟೀಚರಮ್ಮ ಕೂತಿದ್ರು, ಕೆಲಸದಿಂದ ನಿವೃತ್ತಿ ಆದೋರು. ನಕ್ಕರು. ತಮಿಳಲ್ಲಿ ಎಲ್ಲಾ ಬಿಡಿಸಿ ಹೇಳಿದ್ರು. ಇದು ಬೋನ್ಸಾಯ್, ಜಪಾನಿನೋರ ಕಲೆ. ಕೊಂಬೆ ಕತ್ತರಿಸಬೇಕು, ಒಂದೆರಡು ವರ್ಷಕ್ಕೊಮ್ಮೆ ಬೇರು ಕತ್ತರಿಸಬೇಕು, ಮರ ಗಿಡ್ಡ ನಿಂತು ಮುದಿಯಾಗುತ್ತೆ. ಶಿವಗಾಮಿ ಕಣ್ಣು ಮಿಟುಕಿಸದೆ ಕೇಳ್ತಿದ್ಳು.

"ಮನೆ ಒಳಗೆ ಇಡಬಹುದಾ?"

"ಇಡಬಹುದಮ್ಮ, ಬೆಳಕಿರೋ ಕಿಟಕಿ ಬೇಕು. ಮೊದಲನೇ ಸಲ ಸಾಕೋರು ಅಂದಕ್ಕೆ ಮರುಳಾಗಬಾರದು. ಗಟ್ಟಿ ಮರ ಆರಿಸ್ಕೋ. ತಪ್ಪು ಮಾಡಿದ್ರೂ ಬದುಕೋ ಅಂಥದ್ದು. ಬುಡ ದಪ್ಪ ಇರಲಿ, ಬೇರು ಸುತ್ತಾ ಹರಡಿರಲಿ."

"ಎಲ್ಲಕ್ಕಿಂತ ಗಟ್ಟಿ ಯಾವುದು?"

"ಆಲ, ಅರಳಿ. ಗೋಡೆ ಬಿರುಕಲ್ಲಿ ಹುಟ್ಟುತ್ತಲ್ಲ, ಅಂಥ ಅರಳಿ ಸಸಿ ಕಿತ್ತು ತಂದ್ರೆ ಅರ್ಧ ಕೆಲಸ ಆದ ಹಾಗೆ. ಗೋಡೇನೇ ಅದನ್ನ ಗಿಡ್ಡ ಮಾಡಿರುತ್ತೆ. ಆದ್ರೆ ಅರಳಿ ಮನೆ ಒಳಗಿಡಬಾರದು, ಮನೆ ಹಾಳಾಗುತ್ತೆ ಅಂತ ನಮ್ಮೋರು ಹೆದರ್ತಾರೆ. ನನಗೆ ಆ ನಂಬಿಕೆ ಇಲ್ಲ. ನಿನಗೆ?"

ಶಿವಗಾಮಿ ಇನ್ನೊಂದು ಸಲ ಬಗ್ಗಿ ಆ ಆಲದ ಬುಡ ನೋಡಿದ್ಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದ್ಳು. "ಅತ್ತಿಗೆ, ನಮ್ಮ ನೆಗಮಂ ಮನೆ ಬಾವಿ ಗೋಡೇಲಿ ಒಂದು ಅರಳಿ ಇದೆ, ನೋಡಿದೀರಾ?"

ನೋಡಿದ್ದೆ. ನನಗಾಗ ಏನೂ ಅರ್ಥ ಆಗಲಿಲ್ಲ.

ಅಪ್ಪನ ತಿಥಿಗೆ ನಾವೆಲ್ಲ ನೆಗಮಂಗೆ ಹೋದಾಗ ಅವಳು ಉಳಿ ತಗೊಂಡು ಬಾವಿ ಗೋಡೆ ಮುಂದೆ ಕೂತ್ಳು. ಹೆಬ್ಬೆರಳು ದಪ್ಪದ ಬುಡ, ಮೇಲೆ ಮೂರು ಕಡ್ಡಿ, ಬಾಲದಂಥ ತುದಿಯ ಎಲೆ. ಬೇರು ಹರೀದ ಹಾಗೆ ಗಾರೆ ಕೆರೆದು ಕೆರೆದು ಬಿಡಿಸಿದ್ಳು. ಅಣ್ಣ ಜಗಲಿ ಮೇಲಿಂದ ನೋಡಿ, "ಸುಶೀಲ, ಆ ಹುಚ್ಚಿ ಕಿತ್ಕೊಂಡು ಹೋಗ್ಲಿ ಬಿಡು. ನಮ್ಮ ಗೋಡೆ ಉಳೀತು," ಅಂದ. ಕೇಳಿದ್ರಾ? ಅವನ ಬಾಯಲ್ಲೇ ಅಪ್ಪಣೆ ಆಯ್ತು.

ಕಿಟಕೀಲಿ ಅರಳಿ ಕಂಡ ದಿನ ಚಿನ್ನಸಾಮಿ ನಡುಗಿಹೋದ. "ಮನೆ ಒಳಗೆ ಅರಳಿ ಬೆಳೆಸಬಾರದು ಕಣೇ. ಮನೆ ಉಳಿಯಲ್ಲ."

"ನನ್ನ ಮನೆ ಆಗ್ಲೇ ಹೋಗಿದೆ. ಇನ್ನೇನು ಕಳ್ಕೊಳ್ಲಿ?" ಅಂದ್ಳು. ಅವನು ಮತ್ತೆ ಉಗುರು ಕಚ್ಚೋಕೆ ಶುರು ಮಾಡಿದ.

ಮೊದಲು ಆ ಮರ ಸಾಯೋ ಹಾಗಾಯ್ತು, ಅದೂ ನಮ್ಮ ನೇಕಾರ ಬುದ್ಧಿಯಿಂದಲೇ. ನಮಗೆ ಯಾವುದಕ್ಕೆ ಬಲ ಬರ್ಬೇಕಾದ್ರೂ ಗಂಜಿ. ನೂಲಿಗೆ ಗಂಜಿ ಹಾಕಿದ್ರೆ ಗಟ್ಟಿ, ಬಾಣಂತಿಗೆ ಗಂಜಿ ಕೊಟ್ರೆ ಗಟ್ಟಿ. ಶಿವಗಾಮಿ ದಿನಾ ಅನ್ನದ ಗಂಜಿ ತಣಿಸಿ, ಸೋಸಿ, ಮರದ ಬುಡಕ್ಕೆ ಹೊಯ್ದಳು. ನಾನೂ ನಮ್ಮನೆ ಗಂಜಿ ಕೊಟ್ಟೆ, ಇನ್ನೂ ಸ್ವಲ್ಪ ಗಟ್ಟಿ ಇರ್ಲಿ ಅಂತ. ಆಮೇಲೇನು? ಮಣ್ಣಿನ ಮೇಲೆ ಬಿಳೀ ಬೂಷ್ಟು, ಕೆಂಪಿರುವೆ ಸಾಲು, ಹುಳಿ ನಾತ. ಎಲೆಗಳು ಹಳದಿ ಆಗಿ ಒಂದೊಂದೇ ಉದುರಿದ್ವು. ಗುಂಡಿ ಮುಚ್ಚಿದಾಗ ಅಳದ ಹೆಂಗಸು, ಕೊನೇ ಎಲೆ ಬಿದ್ದಾಗ ಕಿಟಕಿ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಕುಂಡ ಕಂಕುಳಲ್ಲಿಟ್ಕೊಂಡು ಟೀಚರಮ್ಮನ ಮನೆ ಹುಡುಕ್ಕೊಂಡು ಹೋದ್ವಿ. ಅವರು ಮೂಗು ಮುಚ್ಕೊಂಡು, "ಏನಮ್ಮಾ ಇದು, ಇಡ್ಲಿ ಹಿಟ್ಟಾ?" ಅಂತ ಕೇಳಿದ್ರು. ಬೈದ್ರು, ಆಮೇಲೆ ಕಲಿಸಿದ್ರು. ಬೇರು ತೊಳೆದು, ಕೊಳೆತಿದ್ದನ್ನ ಕತ್ತರಿಸಿ ಎಸೆದ್ರು. ಬರೀ ಮಣ್ಣು ಬೇಡ, ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಹಳೇ ಗೊಬ್ಬರ, ನೀರು ನಿಲ್ಲದೆ ಹರಿದು ಹೋಗ್ಬೇಕು. ಬೆರಳು ಚುಚ್ಚಿ ನೋಡು, ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು. ಕಿಟಕಿ ಬೆಳಕಿಗೆ ಒಂದೇ ಕಡೆ ಬಾಗುತ್ತೆ, ಆಗಾಗ ಕುಂಡ ತಿರುಗಿಸು. "ಎಲೆ ಉದುರಿದ ಕೂಡ್ಲೇ ಹೆದರಿ ನೀರು ಸುರೀಬೇಡ. ಅರಳಿ ಸಾಯೋದು ಬಾಯಾರಿಕೆಯಿಂದಲ್ಲ, ಹೆದರಿಕೆಯಿಂದ. ಸಾಕೋರ ಹೆದರಿಕೆಯಿಂದ," ಅಂದ್ರು. ಆ ಮಾತು ಶಿವಗಾಮಿ ತಲೇಲಿ ಕೂತ್ಕೊಳ್ತು. ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳ್ತೀನಿ.

ಮಳೆಗಾಲ ಶುರುವಾಗೋ ಹೊತ್ತಿಗೆ ಬೋಳು ಕಡ್ಡಿ ತುದೀಲಿ ಕೆಂಪು ಚಿಗುರು ಬಂತು. ನನ್ನ ಮನೆವರೆಗೂ ಕೇಳೋ ಹಾಗೆ ಕೂಗಿದ್ಳು, "ಅತ್ತಿಗೇ! ಬದುಕಿತು!"

ಅಲ್ಲಿಂದ ಅವಳನ್ನ ಹಿಡಿಯೋರೇ ಇರ್ಲಿಲ್ಲ. ಚಿನ್ನಸಾಮಿ ಕಾರ್ಖಾನೆಯಿಂದ ಮೋಟಾರು ಸುತ್ತಿ ಉಳಿದ ತಾಮ್ರದ ತಂತಿ ತಂದುಕೊಡ್ತಿದ್ದ, ಪುಣ್ಯಾತ್ಮ ಮಾಡಿದ್ದು ಅದೊಂದೇ. ಅದನ್ನ ಕೊಂಬೆಗೆ ಸುತ್ತಿ, ಮೆಲ್ಲಗೆ ಬಗ್ಗಿಸಿ, ಕೊಂಬೆಗೆ ನಾಟೋ ಮುಂಚೆ ಬಿಚ್ಚುತಿದ್ಳು. ಎಷ್ಟು ಬಿಗಿ ಇರ್ಬೇಕು ಅಂತ ನೇಕಾರಿ ಬೆರಳಿಗೆ ಹೇಳಿಕೊಡ್ಬೇಕಾ? ದೊಡ್ಡ ಎಲೆ ಚಿವುಟಿದ್ರೆ ಸಣ್ಣ ಎಲೆ ಬಂತು. ಮರದ ಜೊತೆ ಮಾತಾಡ್ತಿದ್ಳು. "ಕುಡಿ, ಸಾಕು ಸಾಕು. ಚೆನ್ನಾಗಿ ಬೆಳಿ. ನೀನು ಬಾವನ ಮನೆಗೆ ಹೋಗ್ಬೇಕು." ಕೇಳಿದ್ರೆ ನನಗೇ ಮೈ ಜುಂ ಅಂತಿತ್ತು.

ಆ ಹೊತ್ತಿಗೆ ಅವಳ ಹೂಟ ನನಗೆ ಅರ್ಥ ಆಗಿತ್ತು. ಅವಳು ಬೇವಿನ ಸಸೀನೂ ಅದೇ ಕುಂಡದಲ್ಲಿ ಅರಳಿ ಪಕ್ಕ ನೆಟ್ಟು, ಅದನ್ನೂ ಗಿಡ್ಡ ಮಾಡಿ ಬೆಳೆಸಿದ್ಳು. ಎಂಬತ್ತಾರನೇ ಇಸವಿ, ಅಣ್ಣ ಹಳೇ ಮನೆ ಕೆಡವಿ ಮಹಡಿ ಮನೆ ಕಟ್ಟಿದ ಸುದ್ದಿ ಬಂತು. ನಡುಮನೆ ಈಗ ಹಾಲ್ ಆಗಿತ್ತು. ಗುಂಡಿ ಇದ್ದ ಜಾಗದ ಮೇಲೆ ಮೊಸಾಯಿಕ್ ನೆಲ. ಗೃಹಪ್ರವೇಶದ ಪತ್ರಿಕೆ ತಲುಪಿದ ಮಾರನೇ ಬೆಳಿಗ್ಗೆ ನನ್ನನ್ನ ಕರ್ಕೊಂಡು ತುಡಿಯಲೂರಿನ ಪಿಳ್ಳೆಯಾರ್ ಗುಡಿಗೆ, ಅಂದ್ರೆ ಗಣಪತಿ ಗುಡಿಗೆ ಹೋದ್ಳು. ಅರಳಿಗೂ ಬೇವಿಗೂ ಮದುವೆ ಮಾಡಿಸಿದ್ಳು. ಪೂಜಾರಿ ಮೊದಲು, "ಕುಂಡದಲ್ಲಿರೋ ಮರಕ್ಕೆ ಎಂಥ ಮದುವೆಯಮ್ಮಾ?" ಅಂತ ಗೊಣಗಿದ. ಶಿವಗಾಮಿ, "ಗಿಡ್ಡ ಇದ್ರೆ ಮದುವೆ ಆಗಬಾರದಾ ಸಾಮಿ?" ಅಂದ್ಳು. ಪೂಜಾರಿನೂ ಗಿಡ್ಡ. ತೆಪ್ಪಗೆ ಮಂತ್ರ ಹೇಳಿದ. ನಾನೇ ಅರಿಶಿನ ದಾರದಲ್ಲಿ ಅರಿಶಿನ ಕೊಂಬಿನ ಚೂರು ಕಟ್ಟಿದೆ.

ನಮ್ಮಲ್ಲಿ ಮದುವೆಯಾದ ಅರಳಿ ಬೇವು ಅಂದ್ರೆ ದೇವರು. ಕಡಿಯೋ ಹಾಗಿಲ್ಲ, ಎಸೆಯೋ ಹಾಗಿಲ್ಲ. ಒಣಗಿಸಿದ್ರೆ ಮನೆ ಹೆಣ್ಣುಮಕ್ಕಳ ತಾಳಿಗೆ ಕೇಡು ಅಂತ ನಂಬಿಕೆ.

ಗೃಹಪ್ರವೇಶದ ದಿನ ಅಣ್ಣ ರೇಷ್ಮೆ ಪಂಚೆ ಉಟ್ಟು ಉಬ್ಬಿ ನಿಂತಿದ್ದ. ಕೊಯಮತ್ತೂರಿಂದ ಮಿಲ್ ಮಾಲೀಕರು, ಜವಳಿ ಅಂಗಡಿಯೋರು ಬಂದಿದ್ರು. ಶಿವಗಾಮಿ ಬಣ್ಣದ ಕಾಗದ ಸುತ್ತಿದ ಕುಂಡ ಸುಶೀಲ ಕೈಗಿಟ್ಟು ಬಾಗಿಲ ಮರೆಗೆ ಸರಿದ್ಳು. ಮೇಲಿನ ಕಾಗದ ಹರಿದು ಎಲೆ ಕಾಣಿಸ್ತು. ಒಬ್ಬ ಮಾಲೀಕ, "ಅಡೇ, ಬೋನ್ಸಾಯ್! ಬಾಂಬೇಲಿ ಇದಕ್ಕೆ ಚಿನ್ನದ ಬೆಲೆ!" ಅಂದ. ಅಷ್ಟೇ ಸಾಕಾಯ್ತು. ಅಣ್ಣ ಅದನ್ನ ಇಸ್ಕೊಂಡು ಹಾಲ್‌ನಲ್ಲಿದ್ದ ಗಾಜಿನ ಷೋಕೇಸಲ್ಲಿ, ಟೇಪ್ ರೆಕಾರ್ಡರ್ ಪಕ್ಕ ತನ್ನ ಕೈಯಾರೆ ಇಟ್ಟ. ಬಂದೋರಿಗೆಲ್ಲ "ನಮ್ಮ ತಮ್ಮನ ಮನೆಯಿಂದ ಬಂದಿದ್ದು" ಅಂತ ತೋರಿಸಿದ. ತಮ್ಮನ ನೆನಪು ಅವನಿಗೆ ಬಂದಿದ್ದು ಅವತ್ತೇ.

ನಮ್ಮ ಬೀದಿ ಹಿರಿಯಳು ಪಳನಿಯಮ್ಮ ಕೋಲೂರ್ಕೊಂಡು ಬಂದು ಗಾಜಿಗೆ ಮೂಗು ಒತ್ತಿದ್ಳು. ಗಾಜು ಸರಿಸಿ, ಬುಡಕ್ಕೆ ಸುತ್ತಿದ್ದ ಕಾಗದ ಬಿಡಿಸಿದ್ಳು. ಅರಿಶಿನ ದಾರ ಕಂಡಿತು.

"ಅಯ್ಯೋ ಚೌಡಮ್ಮಾ! ಪೆರಿಯಸಾಮಿ, ಇದು ಅರಳಿ ಬೇವು ಕಣೋ! ತಾಳಿ ಆಗಿದೆ! ಮನೆ ಒಳಗೆ ಇಟ್ಕೊಂಡಿದೀಯಲ್ಲೋ!"

ಸುಶೀಲ ಗಬಕ್ಕನೆ ತಾಳಿ ಹಿಡ್ಕೊಂಡಳು. ಅಣ್ಣ, "ಹಾಗಾದ್ರೆ ಗುಡೀಲಿ ಇಟ್ಟುಬಿಡೋಣ," ಅಂದ. ಪಳನಿಯಮ್ಮ ತಲೆ ಅಲ್ಲಾಡಿಸಿದ್ಳು. "ಗೃಹಪ್ರವೇಶದ ದಿನ ಒಳಗೆ ಬಂದ ದೇವರನ್ನ ಆಚೆ ಹಾಕ್ತೀಯಾ? ಕೊಟ್ಟ ಕೈ ಬಂದು ಇಷ್ಟಪಟ್ಟು ತಗೊಂಡ್ರೆ ಸರಿ. ಇಲ್ಲಾಂದ್ರೆ ಸಾಕ್ಬೇಕು. ಒಣಗದ ಹಾಗೆ ನೋಡ್ಕೋ."

ಎಲ್ರೂ ಬಾಗಿಲ ಕಡೆ ನೋಡಿದ್ರು. ಶಿವಗಾಮಿ ಆಗ್ಲೇ ಬಸ್ಸಿಗೆ ಹೊರಟಿದ್ಳು. ನಾನು ಪಾಯಸ ಕುಡಿದು ಆಮೇಲೆ ಹೊರಟೆ. ಅಂಥ ರುಚಿಯ ಪಾಯಸ ನಾನು ಮತ್ತೆ ಕುಡಿದಿಲ್ಲ.

ಆಮೇಲೆ ಸುದ್ದಿ ಮೇಲೆ ಸುದ್ದಿ. ಷೋಕೇಸಲ್ಲಿ ಬೆಳಕಿಲ್ಲ, ಗಾಳಿಯಿಲ್ಲ. ಸುಶೀಲ ಹೆದರಿ ದಿನಕ್ಕೆರಡು ಸಲ ನೀರು, ಅದರ ಮೇಲೆ ಹಾಲು, ಹಾಲಿನ ಮೇಲೆ ಅರಿಶಿನ ಕುಂಕುಮ. ಎಲೆ ಉದುರಿದ್ವು. ಉದುರಿದ್ದು ನೋಡಿ ಇನ್ನೂ ಹಾಲು. ಪವರ್‌ಲೂಮ್ ಮೋಟಾರು ಸುಟ್ಟುಹೋದ್ರೆ ಮರದ ಕಣ್ಣು. ಕರೆಂಟು ಹೋದ್ರೆ ಮರದ ಕಣ್ಣು. ಅಣ್ಣ ಜಾರಿ ಬಿದ್ದು ಕೈ ಊದಿಸ್ಕೊಂಡ, ಅದೂ ಮರ. ಮೊಸಾಯಿಕ್ ನೆಲದ ಮೇಲೆ ಎಣ್ಣೆ ಚೆಲ್ಲಿದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಸುಶೀಲ ರಾತ್ರಿ ಹಗಲು ತಾಳಿ ಹಿಡ್ಕೊಂಡು ಓಡಾಡ್ತಾಳೆ ಅಂತ ನೆಗಮಂ ಬಸ್ಸಲ್ಲಿ ಬಂದೋರೆಲ್ಲ ಹೇಳಿದ್ರು. ನಾನು ಒಂದೊಂದನ್ನೂ ಹೊತ್ತು ತಂದು ಶಿವಗಾಮಿಗೆ ಹೇಳ್ತಿದ್ದೆ. ಅವಳು ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಬುಡ ಹಸಿರಿದೆಯಂತಾ?" ಹಗೆ ಎಷ್ಟಿದ್ರೂ ಮರದ ಮೇಲೆ ಜೀವ. ಉಗುರಲ್ಲಿ ಕೆರೆದ್ರೆ ಒಳಗೆ ಹಸಿರಿದೆ ಅಂತ ಗೊತ್ತಾದಾಗ ಮಾತ್ರ ಊಟ ಮಾಡ್ತಿದ್ಳು.

ಕೊನೆಗೆ ಒಂದು ಬೆಳಿಗ್ಗೆ ಅಣ್ಣ, ಸುಶೀಲ ಇಬ್ರೂ ನಮ್ಮ ಸಾಲುಮನೆ ಮುಂದೆ ಬಂದು ನಿಂತ್ರು. ಅಣ್ಣನ ಕೈಯಲ್ಲಿ ಬೋಳು ಮರದ ಕುಂಡ. ಗಾಂಧಿಪುರಂನಲ್ಲಿ ಬಸ್ಸು ಬದಲಾಯಿಸೋವಾಗ ಜನ ನೋಡಿ ನಕ್ಕಿದ್ರಂತೆ. ಶಿವಗಾಮಿ ಅಡಿಗೆಮನೆ ಬಾಗಿಲ ಹಿಂದೆ ಹೋಗಿ ನಿಂತ್ಳು. ನಾನು ನಡುವೆ ಕೂತೆ.

"ಅಮ್ಮಣಿ, ಹೇಳೇ ಅವಳಿಗೆ," ಅಂದ ಅಣ್ಣ. "ಇದನ್ನ ವಾಪಸ್ಸು ತಗೊಳ್ಲಿ. ಕೈ ಮುಗೀತೀನಿ ಅಂತ ಹೇಳು."

ಬಾಗಿಲ ಹಿಂದಿಂದ ಮಾತು ಬಂತು, ಮರದ ಕಡೆಗೆ. "ಮರವೇ, ನಿನ್ನನ್ನ ತಗೋತೀನಿ. ಆದ್ರೆ ನನ್ನದೊಂದು ಅರ್ಧ ಸೀರೆ ಇದೆ. ಅದನ್ನ ಅದೇ ಜಾಗದಲ್ಲಿ, ಅದೇ ಗುಂಡೀಲಿ ಕೂತು ಮುಗಿಸ್ಬೇಕು. ಗುಂಡಿ ತೋಡಿದ ದಿನ ಬರ್ತೀನಿ."

ಅಣ್ಣನ ಮುಖ ನೋಡ್ಬೇಕಿತ್ತು. "ಹಾಲ್ ನಡುವೆನಾ? ಮೊಸಾಯಿಕ್ ಒಡೆದಾ? ಅವಳಿಗೆ ತಲೆ ನೆಟ್ಟಗಿದೆಯಾ?"

"ಮಣ್ಣು ತಾನೇ? ತೆಗೆಯೋಕೆ ಅಪ್ಪಣೆ ಬೇರೆ ಬೇಕಾ?" ಅಂದ್ಳು ಶಿವಗಾಮಿ, ಮರಕ್ಕೆ.

ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಸುಶೀಲ ಅವನ ಮೇಲೆ ಹರಿಹಾಯ್ದಳು. "ತೋಡಿಸ್ರೀ! ನಿಮ್ಮ ಮೊಸಾಯಿಕ್ ದೊಡ್ಡದಾ, ನನ್ನ ತಾಳಿ ದೊಡ್ಡದಾ?" ಮುಗೀತು.

ನೆಲ ಒಡೆಯೋ ಸುತ್ತಿಗೆ ಸದ್ದು ಬೀದಿ ಕೊನೆವರೆಗೂ ಕೇಳಿಸ್ತಂತೆ. ಗುಂಡಿ ಒಳಗಿಂದ ಅವಳ ಕಾಲ ಹಲಗೆ ಎರಡೂ ಸಿಕ್ಕಿದ್ವು, ಒಂದು ಗೆದ್ದಲು ತಿಂದಿತ್ತು. ಶಿವಗಾಮಿ ಟ್ರಂಕಿಂದ ಅರ್ಧ ಸೀರೆ ತೆಗೆದ್ಳು. ಜೋಲಾಡ್ತಿದ್ದ ತುದಿಗಳಿಗೆ ಹೊಸ ನೂಲು ತಂದು, ನೂಲು ಜಾರದ ಹಾಗೆ ಬೂದಿ ಮುಟ್ಟಿದ ಬೆರಳಲ್ಲಿ ಒಂದೊಂದೇ ಎಳೆ ಹೊಸೆದು ಜೋಡಿಸಿದ್ಳು. ನಾನೂ ಪಕ್ಕ ಕೂತು ಹೊಸೆದೆ. ಸೋಫಾ ಎಲ್ಲ ಗೋಡೆಗೆ ಒತ್ತಿಸಿ, ಹಾಲ್ ನಡುವೆ ಮಗ್ಗ ಕಟ್ಟಿ, ಅವಳು ಕಾಲು ಇಳಿಬಿಟ್ಟು ಕೂತ್ಳು. ಅಣ್ಣನ ಮನೆಗೆ ಬಂದ ಜವಳಿ ಅಂಗಡಿಯೋರು ಗುಂಡಿ ಸುತ್ತು ಹಾಕ್ಕೊಂಡು ಹೋಗ್ಬೇಕಿತ್ತು. "ಏನಿದು?" ಅಂತ ಕೇಳಿದೋರಿಗೆಲ್ಲ ಅಣ್ಣ ಏನೋ ತೊದಲ್ತಿದ್ದ. ಲಾಳಿ ಮಾತ್ರ ಟಕ್ ಟಕ್ ಅಂತ ಓಡ್ತಿತ್ತು.

ಮರವನ್ನ ಅವಳು ಷೋಕೇಸಿಗೆ ಸೇರಿಸಲಿಲ್ಲ, ಪಕ್ಕದ ಕಿಟಕೀಲಿಟ್ಟಳು. ಹಾಲು ಕುಂಕುಮ ಮೆತ್ತಿದ್ದ ಮಣ್ಣು ತೆಗೆದು, ಬೇರು ತೊಳೆದು, ಇಟ್ಟಿಗೆ ಚೂರು ತುಂಬಿದ್ಳು. ಗುಂಡಿ ತೋಡುವಾಗ ಬಂದ ಅದೇ ಇಟ್ಟಿಗೆ! ಬೆರಳು ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ನೀರು. ಸೀರೆ ಸೆರಗಿಗೆ ಬರೋ ಹೊತ್ತಿಗೆ ಅರಳೀಲಿ ಕೆಂಪು ಚಿಗುರು. ಬೀದಿ ಜನ ಬಂದು ಕೈ ಮುಗಿದ್ರು, ಗುಂಡಿ ತೆರೆದಿದ್ದಕ್ಕೆ ದೇವರು ಒಲಿದ ಅಂದ್ರು. ಅದು ಕಿಟಕಿ ಬೆಳಕಿನ ಕೆಲಸ ಅಂತ ಹೇಳಿ ನಾನು ಅಣ್ಣನ ಹೆದರಿಕೆ ಯಾಕೆ ಇಳಿಸ್ಲಿ?

ಸೀರೆ ಮುಗೀತು. ಅವಳೇ ಕತ್ತರಿ ತಗೊಂಡು ಮಗ್ಗದಿಂದ ಬಿಡಿಸಿದ್ಳು. ಒಳಗೆ ಹೋಗಿ ಉಟ್ಕೊಂಡು ಬಂದ್ಳು. ಅರಗಿನ ಒಡಲಲ್ಲಿ ಹಳೇ ನೂಲು ಹೊಸ ನೂಲು ಸೇರಿದ ಕಡೆ ಒಂದು ಗೀಟು, ಅದನ್ನ ಎದುರಿಗೇ ಕಾಣೋ ಹಾಗೆ ನೆರಿಗೆ ಹಿಡಿದಿದ್ಳು. ಗುಂಡಿಗೆ ಹಾಲೆರೆದು, ದೀಪ ಇಟ್ಟು, ಕಣ್ಣು ಮುಚ್ಚಿ ಚೌಡಮ್ಮನ ಅಪ್ಪಣೆ ಕೇಳಿದ್ಳು.

ಅಣ್ಣ ಕೆಮ್ಮಿದ. ಚಿಗುರು ಕಂಡ ಮೇಲೆ ಅವನ ದನಿಯೇ ಬದಲಾಗಿತ್ತು. "ಅಮ್ಮಣಿ, ಅವಳಿಗೆ ಹೇಳು. ಗುಂಡಿ ಹೀಗೇ ಇರ್ಲಿ. ಅವಳದೇ ಜಾಗ. ಬಂದು ನೆಯ್ಕೊಳ್ಲಿ, ಮರಾನೂ ಇಲ್ಲೇ ಇರ್ಲಿ. ಮನೆಗೆ ಒಳ್ಳೇದು."

ನನ್ನ ಎದೆ ಒಂದು ಗಳಿಗೆ ಕರಗಿತು, ಸುಳ್ಳು ಯಾಕೆ ಹೇಳ್ಲಿ. ಒಡಹುಟ್ಟಿದೋನು. ಬಾಗಿಲಲ್ಲಿ ನಿಂತಿದ್ದ ಚಿನ್ನಸಾಮಿ ಕಣ್ಣೂ ತುಂಬಿತ್ತು. ಆಯ್ತು ಅಂತ ಹೇಳೇ ಅನ್ನೋ ಹಾಗೆ ಹೆಂಡ್ತೀನ ನೋಡಿದ.

ಶಿವಗಾಮಿ ಕಿಟಕಿಯಿಂದ ಮರ ಎತ್ತಿ ಸೊಂಟಕ್ಕೆ ಇಟ್ಕೊಂಡಳು. ತಲೆ ಮೇಲಿನ ಸೆರಗು ಕೆಳಗಿಳಿಸಿದ್ಳು. ಬಾಗಿಲ ಮರೆಗೆ ಹೋಗಲಿಲ್ಲ. ಗುಂಡಿ ಅಂಚಿಗೆ ಬಂದು, ಅಣ್ಣನ ಎದುರು ನಿಂತು, ಮೊದಲನೇ ಸಲ ಅವನ ಮುಖ ನೋಡಿ ಮಾತಾಡಿದ್ಳು.

"ಈಗ ಮುಚ್ಚಿ, ಬಾವ. ನಾನು ನೋಡ್ತಾ ನಿಂತಿರ್ತೀನಿ."

ಅಣ್ಣ ಆಳನ್ನ ಕರೆಯೋಕೆ ತಿರುಗಿದ.

"ಆಳಲ್ಲ. ನೀವು."

ಸುಶೀಲ ತಾನೇ ಹೋಗಿ ಮಂಕರಿ ತಂದು ಗಂಡನ ಕಾಲ ಬಳಿ ಇಟ್ಟಳು. ಅಣ್ಣ ಪಂಚೆ ಎತ್ತಿಕಟ್ಟಿ, ಬಗ್ಗಿ, ಗುಂಡಿಯಿಂದ ತೆಗೆದು ಮೂಲೇಲಿ ರಾಶಿ ಹಾಕಿದ್ದ ಮಣ್ಣು ತುಂಬಿ ತುಂಬಿ ಗುಂಡಿಗೆ ಸುರಿದ. ಅದು ತುಂಬೋವರೆಗೂ ಶಿವಗಾಮಿ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಅಣ್ಣ ಒಂದು ಸಲಾನೂ ತಲೆ ಎತ್ತಲಿಲ್ಲ.